ತೊಗಟೆ ಸುಲಿದ ಕಥೆ: ಆಸ್ಟಿನ್‌ನ ಲಿಂಡನ್ ಜಾನ್ಸನ್ ಮ್ಯೂಸಿಯಂ

ಆಸ್ಟಿನ್‌ನಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಊರಿನಿಂದ ಅಪ್ಪ ಅಮ್ಮ ಬಂದಾಗ ಅವರನ್ನು ಕರೆದೊಯ್ಯುವ ಜಾಗಗಳು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ: ಗುಲಾಬಿ ಗ್ರಾನೈಟಿನ ಶಾಸನಸಭಾ ಭವನ, ಸಂಜೆಗೆ ಬಾವಲಿಗಳು ಹಿಂಡುಗಟ್ಟಿ ಹಾರುವ ಕಾಂಗ್ರೆಸ್ ಅವೆನ್ಯೂ ಸೇತುವೆ, ಮತ್ತೆ ದೇವಸ್ಥಾನ. ವಿಶ್ವವಿದ್ಯಾಲಯದ ಆವರಣದಲ್ಲೇ ಇರುವ 1960ರ ದಶಕದ ಅಮೆರಿಕ ಅಧ್ಯಕ್ಷ ಲಿಂಡನ್ ಬೈನ್ಸ್ ಜಾನ್ಸನ್ ಅವರ ಅಧ್ಯಕ್ಷೀಯ ಗ್ರಂಥಾಲಯ ಮತ್ತು ಮ್ಯೂಸಿಯಂ ಆ ಸಾಲಿನಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ. ನಾನು ಇದುವರೆಗೆ ನಾಲ್ಕು ಸಲ ಹೋಗಿದ್ದೇನೆ. ಕೊನೆಯ ಸಲ ತುರುವೇಕೆರೆಯಿಂದ ಬಂದಿದ್ದ ಅಮ್ಮನೊಂದಿಗೆ ಹೋದೆ. ಈ ವಿಮರ್ಶೆಯನ್ನು ಬರೆಯಲು ಕಾರಣವಾದದ್ದು ಆ ನಾಲ್ಕನೆಯ ಭೇಟಿಯೇ.

ಕಟ್ಟಡದ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ವಾಸ್ತುಶಿಲ್ಪಿ ಗಾರ್ಡನ್ ಬನ್‌ಶಾಫ್ಟ್ ವಿನ್ಯಾಸಗೊಳಿಸಿದ, ಟ್ರಾವರ್ಟೈನ್ ಕಲ್ಲನ್ನು ಹೊದ್ದ ಹತ್ತು ಅಂತಸ್ತಿನ ಈ ಕಟ್ಟಡ ಹೊರಗಿನಿಂದ ನೋಡಿದರೆ ಯಾವುದೋ ಕೋಟೆಯ ಉಗ್ರಾಣದಂತೆ ಕಾಣುತ್ತದೆ. ಒಳಗಿನ ದೊಡ್ಡ ಹಜಾರದಲ್ಲಿ ನಿಂತು ತಲೆಯೆತ್ತಿದರೆ, ಗಾಜಿನ ಹಿಂದೆ ನಾಲ್ಕು ಅಂತಸ್ತುಗಳಷ್ಟು ಎತ್ತರಕ್ಕೆ ಸಾಲುಸಾಲಾಗಿ ಜೋಡಿಸಿಟ್ಟ ಕೆಂಪು ಕಡತದ ಪೆಟ್ಟಿಗೆಗಳೂ ಅವುಗಳ ಮೇಲೆ ಹೊಳೆಯುವ ಬಂಗಾರದ ಬಣ್ಣದ ಅಧ್ಯಕ್ಷೀಯ ಮುದ್ರೆಗಳೂ ಕಾಣುತ್ತವೆ. ಇಲ್ಲಿರುವ ದಾಖಲೆಗಳು ಸುಮಾರು ನಾಲ್ಕೂವರೆ ಕೋಟಿ ಪುಟಗಳು. ಆ ಪೆಟ್ಟಿಗೆಗಳು ಅಲಂಕಾರಕ್ಕೆ ಇಟ್ಟವಲ್ಲ, ನಿಜವಾಗಿಯೂ ಕಾಗದ ತುಂಬಿರುವವು. ಒಬ್ಬ ಅಧ್ಯಕ್ಷನ ಕಾಲವೆಂದರೆ ಕಡೆಗೆ ಇಷ್ಟು ಕಾಗದ ಎಂಬುದನ್ನು ಕಣ್ಣಳತೆಯಲ್ಲಿ ತೋರಿಸುವ ಆ ಗೋಡೆ ನನಗೆ ಪ್ರತಿಸಲವೂ ಹಿಡಿಸಿದೆ.

1971ರ ಮೇ 22ರಂದು ಈ ಕಟ್ಟಡದ ಸಮರ್ಪಣೆ ನಡೆದಾಗ ಜಾನ್ಸನ್ ಅವರ ಪಕ್ಕದಲ್ಲಿ ಅವರ ಉತ್ತರಾಧಿಕಾರಿ, ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್ ಇದ್ದರು, ಹೊರಗೆ ಯುದ್ಧವಿರೋಧಿಗಳ ಪ್ರತಿಭಟನೆ ನಡೆಯುತ್ತಿತ್ತು. ಅಂದು ಜಾನ್ಸನ್ ಒಂದು ಮಾತು ಕೊಟ್ಟರು. ತಮ್ಮ ಕಾಲದ ಕಥೆಯೆಲ್ಲ ತೊಗಟೆ ಸುಲಿದ ಮರದಂತೆ ಇಲ್ಲಿದೆ, ತಪ್ಪಾದದ್ದು, ಟೀಕೆಗೆ ಗುರಿಯಾದದ್ದು, ಅಸಹ್ಯವಾದದ್ದು, ಅಹಿತವಾದದ್ದು ಯಾವುದನ್ನೂ ಈ ಕಡತಗಳಿಂದ ಹೊರಗಿಟ್ಟಿಲ್ಲ ಎಂಬುದು ಆ ಮಾತಿನ ಸಾರ. ನನ್ನ ಮಟ್ಟಿಗೆ ಈ ಮ್ಯೂಸಿಯಂ ಅನ್ನು ಅಳೆಯಲು ಅದಕ್ಕಿಂತ ಬೇರೆ ಅಳತೆಗೋಲು ಬೇಕಿಲ್ಲ. 1968ರಲ್ಲಿ ಮತ್ತೊಮ್ಮೆ ಅಧ್ಯಕ್ಷರಾಗಬಹುದಾಗಿದ್ದ ಒಬ್ಬ ವ್ಯಕ್ತಿಯನ್ನು, ವಿಯೆಟ್ನಾಂ ಯುದ್ಧವನ್ನು ಎಳೆಯುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ಅವರ ಸ್ವಂತ ಡೆಮಾಕ್ರಟಿಕ್ ಪಕ್ಷದ ಮತದಾರರೇ ಬೇಡವೆಂದರು. ಅವರು ಹಾಗೆ ಹೇಳಿದ್ದು ಸರಿಯೇ ಎಂಬುದನ್ನು ಆ ವ್ಯಕ್ತಿಯ ಹೆಸರು ಹೊತ್ತ ಛಾವಣಿಯ ಕೆಳಗೇ ನಿಂತು ತೂಗಿ ನೋಡಲು ಸಾಧ್ಯವೇ ಎಂಬುದು ನನ್ನ ಪ್ರಶ್ನೆ.

ಈ ಪ್ರಶ್ನೆ ನನಗೆ ಸುಲಭದ್ದಲ್ಲ ಎಂಬುದನ್ನು ಮೊದಲೇ ಹೇಳಬೇಕು. ಮಾನವ ಹಕ್ಕುಗಳಿಗೆ, ಆರೋಗ್ಯಕ್ಕೆ, ಶಿಕ್ಷಣಕ್ಕೆ ಸಂಬಂಧಿಸಿದ ಭಾಗಗಳಲ್ಲಿ ನಡೆಯುತ್ತ ಹೋದಂತೆ ಈ ಮನುಷ್ಯನ ಮೇಲೆ ಗೌರವ ಹುಟ್ಟದೆ ಇರುವುದಿಲ್ಲ. 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯ್ದೆ, 1965ರ ಜುಲೈ 30ರಂದು ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್, ಅದೇ ವರ್ಷದ ಆಗಸ್ಟ್ 6ರಂದು ಮತದಾನದ ಹಕ್ಕಿನ ಕಾಯ್ದೆ: ಇವೆಲ್ಲಕ್ಕೂ ಸಹಿ ಹಾಕಿದ್ದು ಒಂದೇ ಕೈ. ನಮ್ಮಂಥವರಿಗೆ ಇನ್ನೂ ಹತ್ತಿರದ ಕಾಯ್ದೆಯೊಂದಿದೆ. 1965ರ ಅಕ್ಟೋಬರ್ 3ರಂದು ನ್ಯೂಯಾರ್ಕ್ ಬಂದರಿನ ಲಿಬರ್ಟಿ ದ್ವೀಪದಲ್ಲಿ ಜಾನ್ಸನ್ ಸಹಿ ಮಾಡಿದ ವಲಸೆ ಕಾಯ್ದೆ ಬರುವವರೆಗೆ ಭಾರತದಿಂದ ಇಲ್ಲಿಗೆ ವಲಸೆ ಬರಲು ವರ್ಷಕ್ಕೆ ಕೇವಲ 100 ಜನರ ಮಿತಿಯಿತ್ತು. ಆ ಬಾಗಿಲು ತೆರೆಯದಿದ್ದರೆ ಇಂದು ಅಮೆರಿಕದ ಊರೂರುಗಳಲ್ಲಿ ರಾಜ್ಯೋತ್ಸವ ಆಚರಿಸುವ ಕನ್ನಡ ಕೂಟಗಳು ಇರುತ್ತಿರಲಿಲ್ಲ, ನಾನೂ ಈ ಊರಿನ ಮತದಾರನಾಗುತ್ತಿರಲಿಲ್ಲ.

ಅಮ್ಮನ ಋಣ ಇನ್ನೂ ಹಳೆಯದು. ಮೈಸೂರು ರಾಜ್ಯದ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದಾಗ ಮಧ್ಯಾಹ್ನ ಅಲ್ಯೂಮಿನಿಯಂ ತಟ್ಟೆಗೆ ಬೀಳುತ್ತಿದ್ದ ಕೇರ್ ಉಪ್ಪಿಟ್ಟು ಮತ್ತು ಪುಡಿಯಿಂದ ಕಾಯಿಸಿದ ಹಾಲು ಅಮೆರಿಕದ್ದೆಂದು ಮೇಷ್ಟರು ಹೇಳುತ್ತಿದ್ದರಂತೆ. ಆ ಉಪ್ಪಿಟ್ಟಿನ ವಾಸನೆಯನ್ನು ಅಮ್ಮ ಇಂದಿಗೂ ಬಣ್ಣಿಸುತ್ತಾರೆ. 1965–66ರ ಭೀಕರ ಬರಗಾಲದಲ್ಲಿ ಅಮೆರಿಕ ತನ್ನ ಗೋಧಿ ಬೆಳೆಯ ಸುಮಾರು ಐದನೇ ಒಂದು ಪಾಲನ್ನು ಭಾರತಕ್ಕೆ ಕಳಿಸಿತು. ಅದನ್ನು ಕಳಿಸಿದ್ದೂ ಜಾನ್ಸನ್ ಸರ್ಕಾರವೇ. ಆದರೆ ಆ ಗೋಧಿಯ ಹಡಗುಗಳನ್ನು ಅವರು ವರ್ಷದ ಒಪ್ಪಂದದ ಮೇಲೆ ಬಿಡದೆ ತಿಂಗಳು ತಿಂಗಳಿಗೆ ತಾವೇ ಕೂತು ಮಂಜೂರು ಮಾಡುತ್ತಿದ್ದರು. 1966ರ ಜುಲೈಯಲ್ಲಿ ಇಂದಿರಾ ಗಾಂಧಿ ಮಾಸ್ಕೋದಲ್ಲಿ ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಬೇಕೆಂಬ ಜಂಟಿ ಹೇಳಿಕೆಗೆ ಸೇರಿದಾಗ ಜಾನ್ಸನ್ ಅವರಿಗೆ ವಿಪರೀತ ಸಿಟ್ಟು ಬಂದಿತು. ತುರುವೇಕೆರೆಯ ಶಾಲೆಯ ತಟ್ಟೆಗೂ ದೂರದ ವಿಯೆಟ್ನಾಂ ಯುದ್ಧಕ್ಕೂ ಹೀಗೆ ಒಂದು ದಾರದ ನಂಟಿತ್ತು. ಇದನ್ನು ನಾನು ಹಜಾರದ ಬೆಂಚಿನ ಮೇಲೆ ಕೂತು ಅಮ್ಮನಿಗೆ ವಿವರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಊಟ ಹಾಕಿದವರ ಬಗ್ಗೆ ಕೆಟ್ಟ ಮಾತಾಡಬಾರದು, ಆದರೆ ಊಟ ಹಾಕಿದವರು ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕೆಂದೂ ಇಲ್ಲ ಎಂದರು. ನಾನು ಈ ಬರಹದಲ್ಲಿ ಹೇಳಹೊರಟಿರುವುದೂ ಹೆಚ್ಚುಕಡಿಮೆ ಅದನ್ನೇ.

ಈ ಮ್ಯೂಸಿಯಂನ ನಿಜವಾದ ಜೀವ ಇರುವುದು ಟೆಲಿಫೋನ್‌ಗಳಲ್ಲಿ. ಪ್ರದರ್ಶನದ ನಡುನಡುವೆ ಇಟ್ಟಿರುವ ರಿಸೀವರ್‌ಗಳನ್ನು ಎತ್ತಿ ಕಿವಿಗಿಟ್ಟುಕೊಂಡರೆ ಜಾನ್ಸನ್ ಅವರೇ ಮಾತಾಡುತ್ತಾರೆ: ಒಮ್ಮೆ ಗೋಗರೆಯುತ್ತ, ಒಮ್ಮೆ ಗದರುತ್ತ, ಒಮ್ಮೆ ದಣಿದು. ಅವರು ತಮ್ಮ ಅಧಿಕಾರಾವಧಿಯಲ್ಲಿ ಗುಟ್ಟಾಗಿ ಧ್ವನಿಮುದ್ರಿಸಿಕೊಂಡ ಸಂಭಾಷಣೆಗಳು ಒಟ್ಟು ಸುಮಾರು 643 ಗಂಟೆಗಳಷ್ಟಿವೆ. ತಾವು ಸತ್ತ ಮೇಲೆ 50 ವರ್ಷ ಇವುಗಳನ್ನು ಯಾರೂ ಮುಟ್ಟಬಾರದೆಂಬುದು ಅವರ ಇಚ್ಛೆಯಾಗಿತ್ತು. ಧ್ವನಿಸುರುಳಿಗಳು ಹಾಳಾದರೆ ಏನೂ ಉಳಿಯುವುದಿಲ್ಲವೆಂದು ಆಗಿನ ನಿರ್ದೇಶಕ ಹ್ಯಾರಿ ಮಿಡಲ್‌ಟನ್ 1990ರ ದಶಕದಲ್ಲೇ ಅವುಗಳನ್ನು ಹೊರತೆರೆಯಲು ತೀರ್ಮಾನಿಸಿದರು. ತನ್ನ ನಾಯಕನ ಇಚ್ಛೆಗಿಂತ ತನ್ನ ನಾಯಕನ ಮಾತು ದೊಡ್ಡದೆಂದು ತಿಳಿದ ಅಧಿಕಾರಿಯ ಆ ತೀರ್ಮಾನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದೊಂದು ಇಲ್ಲದಿದ್ದರೆ ಈ ಜಾಗವೂ ಫೋಟೋ, ಪೆನ್ನು, ಉಡುಗೊರೆಗಳನ್ನು ಜೋಡಿಸಿಟ್ಟ ಇನ್ನೊಂದು ಕೋಣೆಯಾಗುತ್ತಿತ್ತು.

ಅಮ್ಮ ರಿಸೀವರ್ ಎತ್ತುವ ಮುನ್ನ ಸೆರಗಿನಿಂದ ಅದನ್ನು ಒರೆಸಿಕೊಂಡರು. ಟೆಕ್ಸಸ್‌ನ ಎಳೆದಾಡುವ ಇಂಗ್ಲಿಷ್ ಅವರಿಗೆ ಒಂದು ಅಕ್ಷರವೂ ತಿಳಿಯಲಿಲ್ಲ, ಆದರೂ ಕೊನೆಯವರೆಗೆ ಇಟ್ಟುಕೊಂಡು ಕೇಳಿ, ‘ಈ ಮನುಷ್ಯನಿಗೆ ನಿದ್ದೆ ಬರುತ್ತಿರಲಿಲ್ಲ ಅನ್ನಿಸುತ್ತೆ’ ಎಂದರು. ಅಂದು ರಾತ್ರಿ ಮನೆಯಲ್ಲಿ ಊಟದ ಮೇಜಿನ ಮೇಲೆ ಹುರುಳಿಕಾಯಿಯ ನಾರು ಬಿಡಿಸುತ್ತ ಕೂತಿದ್ದ ಅವರಿಗೆ ನಾನು 1964ರ ಮೇ 27ರ ಧ್ವನಿಮುದ್ರಣವನ್ನು ಪೂರ್ತಿ ಹಾಕಿ, ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. ರಾಷ್ಟ್ರೀಯ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಅವರಿಗೆ ಜಾನ್ಸನ್ ಹೇಳುವ ಮೊದಲ ಮಾತೇ ತಾನು ರಾತ್ರಿಯಿಡೀ ಎಚ್ಚರವಿದ್ದು ಇದನ್ನೇ ಯೋಚಿಸಿದೆ ಎಂಬುದು. ನಾವು ಇನ್ನೊಂದು ಕೊರಿಯಾ ಯುದ್ಧಕ್ಕೆ ಕಾಲಿಡುತ್ತಿದ್ದೇವೆ, ಒಮ್ಮೆ ಸಿಕ್ಕಿಕೊಂಡರೆ ಹೊರಬರುವ ದಾರಿ ಕಾಣುತ್ತಿಲ್ಲ, ಇದಕ್ಕಾಗಿ ಹೋರಾಡುವುದು ತಕ್ಕುದಲ್ಲ, ಆದರೆ ಬಿಟ್ಟು ಬರಲೂ ಆಗುವುದಿಲ್ಲ ಎನ್ನುತ್ತಾರೆ. ಆಮೇಲೆ ಅವತ್ತು ಬೆಳಿಗ್ಗೆ ತನ್ನ ಬಟ್ಟೆಬರೆ ತೆಗೆದಿಡುತ್ತಿದ್ದ ಸಾರ್ಜೆಂಟ್ ಒಬ್ಬನನ್ನು ನೆನೆಯುತ್ತಾರೆ. ಅವನಿಗೆ ಆರು ಪುಟ್ಟ ಮಕ್ಕಳು. ಅಂಥವನ ಮಕ್ಕಳನ್ನು ಅಲ್ಲಿಗೆ ಹೋಗೆಂದು ನಾನು ಅಪ್ಪಣೆ ಕೊಡುವುದು ಯಾತಕ್ಕಾಗಿ, ವಿಯೆಟ್ನಾಂನಿಂದ ನನಗೆ ಆಗಬೇಕಾದದ್ದಾದರೂ ಏನು ಎಂದು ಕೇಳಿಕೊಳ್ಳುತ್ತಾರೆ. ಅಮ್ಮನ ಕೈಯಲ್ಲಿದ್ದ ಹುರುಳಿಕಾಯಿ ಅಲ್ಲೇ ನಿಂತಿತು. ‘ಇಷ್ಟೆಲ್ಲ ಗೊತ್ತಿದ್ದೂ ಕಳಿಸಿದನೇ?’ ಎಂದರು.

ಹೌದು, ಗೊತ್ತಿದ್ದೂ ಕಳಿಸಿದರು. ಅದೇ ದಿನ ಅವರು ತಮ್ಮ ಹಳೆಯ ಗುರುವಿನಂತಿದ್ದ ಸೆನೆಟರ್ ರಿಚರ್ಡ್ ರಸೆಲ್ ಅವರೊಂದಿಗೂ ಮಾತಾಡಿ, ಬಿಟ್ಟು ಓಡಿಬಂದ ಅಧ್ಯಕ್ಷನನ್ನು ಮಹಾಭಿಯೋಗಕ್ಕೆ ಗುರಿಮಾಡುತ್ತಾರಲ್ಲವೇ ಎಂದು ಕೇಳಿದ್ದು ದಾಖಲಾಗಿದೆ. ಯುದ್ಧ ಮುಂದುವರಿಯಲು ಮೂಲ ಕಾರಣ ಗೆಲ್ಲುವ ನಂಬಿಕೆಯಲ್ಲ, ಸೋತವನೆನಿಸಿಕೊಳ್ಳುವ ಭಯ ಎಂಬುದನ್ನು ಈ ಒಂದು ವಾಕ್ಯದಷ್ಟು ಬಯಲಾಗಿ ತೋರಿಸುವ ಬೇರೊಂದು ದಾಖಲೆಯನ್ನು ನಾನು ಕಂಡಿಲ್ಲ. ಅದೇ ವರ್ಷದ ಚುನಾವಣೆಯಲ್ಲಿ ಅವರು ಶಾಂತಿಯ ಅಭ್ಯರ್ಥಿಯಾಗಿ ನಿಂತರು. ಅಕ್ಟೋಬರ್ 21ರಂದು ಒಹಾಯೊ ರಾಜ್ಯದ ಆಕ್ರನ್‌ನಲ್ಲಿ, ಏಷ್ಯಾದ ಹುಡುಗರು ಮಾಡಿಕೊಳ್ಳಬೇಕಾದ ಕೆಲಸಕ್ಕೆ ಅಮೆರಿಕದ ಹುಡುಗರನ್ನು ಒಂಬತ್ತು ಹತ್ತು ಸಾವಿರ ಮೈಲಿ ದೂರಕ್ಕೆ ಕಳಿಸುವುದಿಲ್ಲವೆಂದು ಸಭೆಗೆ ಹೇಳಿದರು. ಶೇ. 61ರಷ್ಟು ಮತ ಪಡೆದು ಗೆದ್ದರು. 1965ರ ಫೆಬ್ರುವರಿ 26ರಂದು ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರಾ ಅವರಿಗೆ, ಸೋಲಿನಷ್ಟು ಕೆಟ್ಟದ್ದು ಬೇರೆ ಇಲ್ಲ, ಆದರೆ ಗೆಲ್ಲುವ ದಾರಿಯೂ ನನಗೆ ಕಾಣುತ್ತಿಲ್ಲ ಎಂದರು. ಹತ್ತು ದಿನ ಕಳೆದು, ಮಾರ್ಚ್ 8ರಂದು, ಮೊದಲ 3,500 ಮರೀನ್ ಸೈನಿಕರು ದಾ ನಾಂಗ್ ದಂಡೆಗಿಳಿದರು. 1967ರ ಕೊನೆಯ ಹೊತ್ತಿಗೆ ಅಲ್ಲಿದ್ದ ಅಮೆರಿಕನ್ ಸೈನಿಕರ ಸಂಖ್ಯೆ 4,85,000ಕ್ಕೆ ಏರಿತ್ತು.

ಒಬ್ಬ ಅಭ್ಯರ್ಥಿಯ ಯುದ್ಧನೀತಿಯನ್ನು ವಿರೋಧಿಸುವಾಗ ನಾವು ಸಾಮಾನ್ಯವಾಗಿ ಅವನ ತಿಳಿವಳಿಕೆಯನ್ನು ಪ್ರಶ್ನಿಸುತ್ತೇವೆ. ಇಲ್ಲಿ ಪ್ರಶ್ನೆ ತಿಳಿವಳಿಕೆಯದ್ದಲ್ಲ. ಕೋಣೆಯೊಳಗೆ ಗೆಲುವಿಲ್ಲವೆಂದು ಹೇಳಿಕೊಂಡು, ಹೊರಬಂದು ಇನ್ನಷ್ಟು ತಾಳ್ಮೆಯನ್ನೂ ಇನ್ನಷ್ಟು ಮಕ್ಕಳನ್ನೂ ಕೇಳಿದ್ದು ನನಗೆ ಕ್ಷಮಿಸಲಾಗದ ತಪ್ಪಾಗಿ ಕಾಣುತ್ತದೆ. 1967ರಲ್ಲಿ ಮತದಾರರ ಬಳಿ ಈ ಧ್ವನಿಮುದ್ರಣಗಳು ಇರಲಿಲ್ಲ, ಇದ್ದದ್ದು ಊರಿಗೆ ಬರುತ್ತಿದ್ದ ಶವಪೆಟ್ಟಿಗೆಗಳು ಮಾತ್ರ. ಆದರೂ ಅವರು ಸರಿಯಾಗಿ ಊಹಿಸಿದರು.

ಆ ಊಹೆಗೆ ರಾಜಕೀಯ ರೂಪ ಕೊಟ್ಟವರ ಕಥೆ ನನಗೆ ಬಹಳ ಇಷ್ಟವಾದದ್ದು. ಗದ್ದುಗೆಯ ಮೇಲಿರುವ ಅಧ್ಯಕ್ಷನನ್ನು ಅವನ ಪಕ್ಷದೊಳಗೇ ಸೋಲಿಸಬಹುದೆಂದು 1967ರಲ್ಲಿ ಯಾವ ಅನುಭವಿ ರಾಜಕಾರಣಿಯೂ ನಂಬಿರಲಿಲ್ಲ. ಆಲರ್ಡ್ ಲೋವೆನ್‌ಸ್ಟೀನ್ ಎಂಬ ಸಂಘಟಕ ಜಾನ್ಸನ್ ಎದುರು ನಿಲ್ಲುವವರನ್ನು ಹುಡುಕುತ್ತ ರಾಬರ್ಟ್ ಕೆನಡಿಯವರಿಂದ ಹಿಡಿದು ಹಲವರ ಬಾಗಿಲು ತಟ್ಟಿ, ಅಲ್ಲೆಲ್ಲ ಇಲ್ಲವೆನಿಸಿಕೊಂಡ ಮೇಲೆ ಮಿನೆಸೋಟದ ಸೆನೆಟರ್ ಯೂಜೀನ್ ಮೆಕಾರ್ಥಿ ಒಪ್ಪಿದರು. 1967ರ ನವೆಂಬರ್ 30ರಂದು ಅವರು ಸ್ಪರ್ಧೆ ಘೋಷಿಸಿದಾಗ ಅದನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. ಆದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಪ್ರೈಮರಿ ಚುನಾವಣೆ ನಡೆಯಲಿದ್ದ, ಚಳಿಗಾಲದ ನ್ಯೂ ಹ್ಯಾಂಪ್‌ಶೈರ್‌ಗೆ ದೇಶದ ಕಾಲೇಜುಗಳಿಂದ ಸಾವಿರಾರು ವಿದ್ಯಾರ್ಥಿಗಳು ಬಂದಿಳಿದರು. ಹಳ್ಳಿಯ ಹಿರಿಯರು ಮುಖ ಸಿಂಡರಿಸಬಾರದೆಂದು ಹುಡುಗರು ಗಡ್ಡ ಬೋಳಿಸಿ ಕೂದಲು ಕತ್ತರಿಸಿಕೊಂಡರು, ಹುಡುಗಿಯರು ಗಿಡ್ಡ ಲಂಗ ಬಿಟ್ಟರು, ಹಿಮದಲ್ಲಿ ಮನೆಮನೆಯ ಕದ ತಟ್ಟಿ ಯುದ್ಧದ ಬಗ್ಗೆ ಮೆಲುದನಿಯಲ್ಲಿ ಮಾತಾಡಿದರು. ವಿರೋಧಿಸುವವನು ಎದುರಿನವನ ಹೊಸಿಲ ಮರ್ಯಾದೆಯನ್ನು ಇಷ್ಟು ಕಾಪಾಡಿದ ಇನ್ನೊಂದು ಪ್ರಚಾರ ನನಗೆ ನೆನಪಾಗುವುದಿಲ್ಲ.

ಅಷ್ಟರಲ್ಲಿ 1968ರ ಜನವರಿ ಕೊನೆಯಲ್ಲಿ ವಿಯೆಟ್ನಾಂ ಕಮ್ಯುನಿಸ್ಟ್ ಪಡೆಗಳ ಟೆಟ್ ದಾಳಿ ನಡೆದು, ಯುದ್ಧ ಮುಗಿಯುವ ಹಂತದಲ್ಲಿದೆ ಎಂಬ ಸರ್ಕಾರದ ಮಾತು ಸುಳ್ಳಾಯಿತು. ವಿಯೆಟ್ನಾಂನಲ್ಲಿದ್ದ ಅಮೆರಿಕನ್ ಪಡೆಗಳ ದಂಡನಾಯಕ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ಅವರ ಕಡೆಯಿಂದ ಇನ್ನೂ 2,06,000 ಸೈನಿಕರ ಬೇಡಿಕೆ ಬಂದಿರುವುದು ಮಾರ್ಚ್ 10ರಂದು ಪತ್ರಿಕೆಯಲ್ಲಿ ಬಯಲಾಯಿತು. ಎರಡು ದಿನ ಕಳೆದು ನಡೆದ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯಲ್ಲಿ, ಮತಪತ್ರದಲ್ಲಿ ಮುದ್ರಿತವಾಗಿರದ ತಮ್ಮ ಹೆಸರನ್ನು ಮತದಾರರಿಂದಲೇ ಕೈಯಿಂದ ಬರೆಸಿ ಮತ ಪಡೆದ ಜಾನ್ಸನ್ ಸುಮಾರು ಶೇ. 49 ಪಡೆದರೆ ಮೆಕಾರ್ಥಿ ಸುಮಾರು ಶೇ. 42 ಪಡೆದರು. ಲೆಕ್ಕದಲ್ಲಿ ಜಾನ್ಸನ್ ಗೆದ್ದರು, ರಾಜಕೀಯದಲ್ಲಿ ಸೋತರು. ಮೆಕಾರ್ಥಿಗೆ ಮತ ಹಾಕಿದವರೆಲ್ಲ ಶಾಂತಿಪ್ರಿಯರಾಗಿರಲಿಲ್ಲ, ಯುದ್ಧವನ್ನು ಇನ್ನೂ ಬಿರುಸಾಗಿ ನಡೆಸಬೇಕಿತ್ತೆಂದು ಸಿಟ್ಟಾಗಿದ್ದವರೂ ಅವರಲ್ಲಿ ಬಹಳ ಮಂದಿ ಇದ್ದರು ಎಂಬುದನ್ನೂ ಹೇಳದಿದ್ದರೆ ನಾನು ಓದುಗರಿಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಮಾರ್ಚ್ 16ರಂದು ರಾಬರ್ಟ್ ಕೆನಡಿ ಕಣಕ್ಕಿಳಿದರು. ಮಾರ್ಚ್ 31ರ ರಾತ್ರಿ ಜಾನ್ಸನ್ ದೂರದರ್ಶನದಲ್ಲಿ ಬಾಂಬ್ ದಾಳಿಯನ್ನು ಭಾಗಶಃ ನಿಲ್ಲಿಸುವುದಾಗಿ ಹೇಳಿ, ಕೊನೆಯಲ್ಲಿ ಪಕ್ಷದ ಉಮೇದುವಾರಿಕೆಯನ್ನು ತಾನು ಬಯಸುವುದೂ ಇಲ್ಲ, ಸ್ವೀಕರಿಸುವುದೂ ಇಲ್ಲ ಎಂದರು. 1955ರಲ್ಲೇ ಒಮ್ಮೆ ಹೃದಯಾಘಾತವಾಗಿದ್ದ ಅವರಿಗೆ ಆರೋಗ್ಯದ ಚಿಂತೆಯೂ ಇತ್ತು. ಆದರೆ ಎರಡೇ ದಿನದಲ್ಲಿ ವಿಸ್ಕಾನ್ಸಿನ್‌ನಲ್ಲಿ ಸೋಲು ಕಾದಿತ್ತೆಂಬುದೂ ಅವರಿಗೆ ತಿಳಿದಿತ್ತು.

ಈ ನಾಲ್ಕು ತಿಂಗಳಿಗೆ ಮ್ಯೂಸಿಯಂ ಇನ್ನಷ್ಟು ಜಾಗ ಕೊಡಲಿ ಎಂಬುದು ನನ್ನ ಆಸೆ. ಅಮೆರಿಕದ ಅಧ್ಯಕ್ಷೀಯ ಗ್ರಂಥಾಲಯಗಳನ್ನು ನಡೆಸುವುದು ಸರ್ಕಾರದ ರಾಷ್ಟ್ರೀಯ ದಾಖಲಾಗಾರವಾದರೂ, ಅವುಗಳ ಬೆನ್ನಿಗೆ ಆಯಾ ಅಧ್ಯಕ್ಷರ ಅಭಿಮಾನಿಗಳ ಪ್ರತಿಷ್ಠಾನಗಳು ನಿಂತಿರುತ್ತವೆ. ಹಾಗಾಗಿ ಕಥೆ ಯಾವಾಗಲೂ ಶ್ವೇತಭವನದ ಒಳಗಿನಿಂದ ಹೊರಕ್ಕೆ ನೋಡುತ್ತದೆ. ಜಾನ್ಸನ್ ಎಷ್ಟು ಸಂಕಟಪಟ್ಟರೆಂಬುದು ನೋಡುಗನ ಎದೆಗೆ ತಟ್ಟುತ್ತದೆ. ಕಿಟಕಿಯಾಚೆ ನಿಂತು, ಇವತ್ತು ಎಷ್ಟು ಮಕ್ಕಳನ್ನು ಕೊಂದೆ ಎಂದು ಲಯಬದ್ಧವಾಗಿ ಕೂಗುತ್ತಿದ್ದವರ ಸಂಕಟ ಅಷ್ಟೇ ತಟ್ಟಬೇಕಾದರೆ ನೋಡುಗ ತಾನೂ ಸ್ವಲ್ಪ ಓದಿಕೊಂಡು ಬರಬೇಕು. ಇದೇ ಗ್ರಂಥಾಲಯದ ಸಂಗ್ರಹದಲ್ಲಿ 1968ರ ಜುಲೈ 31ರ ಒಂದು ಪ್ರಸಿದ್ಧ ಛಾಯಾಚಿತ್ರವಿದೆ: ವಿಯೆಟ್ನಾಂನಲ್ಲಿ ಸೈನಿಕನಾಗಿದ್ದ ಅಳಿಯ ಚಾರ್ಲ್ಸ್ ರಾಬ್ ಕಳಿಸಿದ ಧ್ವನಿಸುರುಳಿಯನ್ನು ಕೇಳುತ್ತ ಜಾನ್ಸನ್ ಮೇಜಿನ ಮೇಲೆ ತಲೆ ಬಾಗಿಸಿದ್ದಾರೆ, ಮುಷ್ಟಿ ಬಿಗಿದಿದೆ. ಆ ಚಿತ್ರ ನೋಡಿದಾಗಲೆಲ್ಲ ಮನಸ್ಸು ಕರಗುತ್ತದೆ. ಆ ಮನುಷ್ಯನ ದುಃಖ ನಿಜವಾದದ್ದು, ಇಬ್ಬರು ಅಳಿಯಂದಿರೂ ಯುದ್ಧಭೂಮಿಯಲ್ಲಿದ್ದರು. ಆದರೆ ಆ ವರ್ಷ ಒಂದರಲ್ಲೇ ಸತ್ತ ಅಮೆರಿಕನ್ ಸೈನಿಕರು 16,899. ಯುದ್ಧ ಮುಗಿಯುವ ಹೊತ್ತಿಗೆ ಸತ್ತ ವಿಯೆಟ್ನಾಮೀಯರು ಹತ್ತಾರು ಲಕ್ಷ. ದುಃಖಪಡುವ ಕೈಯಲ್ಲೇ ಯುದ್ಧ ನಿಲ್ಲಿಸುವ ಅಧಿಕಾರವಿದ್ದಾಗ, ಆ ದುಃಖಕ್ಕೆ ಮರುಗಬಹುದೇ ಹೊರತು ಮತ ಕೊಡಲಾಗದು.

ವಿರೋಧದ ಇನ್ನೊಂದು ಮುಖವೂ ಇದೆ, ಅದನ್ನು ಮರೆಮಾಚಿದರೆ ನಾನೇ ತೊಗಟೆ ಮುಚ್ಚಿದಂತಾಗುತ್ತದೆ. ಜಾನ್ಸನ್ ಹಿಂದೆ ಸರಿದ ಮೇಲೆ ಪಕ್ಷದ ಅಭ್ಯರ್ಥಿಯಾದವರು ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ. 1965ರ ಫೆಬ್ರುವರಿಯಲ್ಲೇ ಯುದ್ಧವನ್ನು ಹಿಗ್ಗಿಸಬೇಡಿರೆಂದು ಜಾನ್ಸನ್ ಅವರಿಗೆ ಲಿಖಿತ ಸಲಹೆ ಕೊಟ್ಟು, ಅದೇ ಕಾರಣಕ್ಕೆ ಆಪ್ತ ಸಭೆಗಳಿಂದ ದೂರವಿಡಲ್ಪಟ್ಟವರು ಅವರು. ಆಮೇಲೆ ಮೂರು ವರ್ಷ ಅದೇ ಯುದ್ಧವನ್ನು ಊರೂರು ತಿರುಗಿ ಸಮರ್ಥಿಸಿದವರೂ ಅವರೇ. 1968ರ ಆಗಸ್ಟ್‌ನಲ್ಲಿ ಷಿಕಾಗೊ ಮಹಾಧಿವೇಶನದಲ್ಲಿ ಶಾಂತಿಯ ನಿರ್ಣಯ 1,041¼ ಮತಕ್ಕೆ ಎದುರಾಗಿ 1,567¾ ಮತದಿಂದ ಬಿದ್ದುಹೋಯಿತು, ಹೊರಗೆ ಬೀದಿಯಲ್ಲಿ ಪೊಲೀಸರ ಲಾಠಿ ಬೀಸುತ್ತಿತ್ತು. ಸೆಪ್ಟೆಂಬರ್ 30ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಹಂಫ್ರಿ ಬಾಂಬ್ ದಾಳಿ ನಿಲ್ಲಿಸುವ ಮಾತಾಡಿದಾಗ ತಡವಾಗಿತ್ತು. ನವೆಂಬರ್ 5ರಂದು ನಿಕ್ಸನ್ ಶೇ. 43.4, ಹಂಫ್ರಿ ಶೇ. 42.7, ನಡುವಿನ ಅಂತರ ಸುಮಾರು ಐದು ಲಕ್ಷ ಮತ. ನಿಕ್ಸನ್ ಕಾಲದಲ್ಲಿ ಯುದ್ಧ ಮತ್ತೆ ನಾಲ್ಕು ವರ್ಷ ನಡೆದು ಇನ್ನೂ ಸುಮಾರು 21,000 ಅಮೆರಿಕನ್ನರನ್ನು ಬಲಿ ತೆಗೆದುಕೊಂಡಿತು. ಮಾರ್ಚ್ ತಿಂಗಳಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಹಿಮದಲ್ಲಿ ನಡೆದು ಜಾನ್ಸನ್ ವಿರುದ್ಧ ಮತ ಕೇಳಿದವರು ಸರಿಯೆಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ನವೆಂಬರ್‌ನಲ್ಲಿ ಹಂಫ್ರಿಯ ಮೇಲಿನ ಮುನಿಸಿನಿಂದ ಮನೆಯಲ್ಲೇ ಕೂತವರು ಮಾಡಿದ್ದು ತಪ್ಪೆಂದೂ ಅಷ್ಟೇ ಸ್ಪಷ್ಟವಾಗಿ ಹೇಳುತ್ತೇನೆ. ಪಕ್ಷದೊಳಗೆ ಆಯ್ಕೆ ತೆರೆದಿರುವಾಗ ವಿರೋಧಿಸುವುದು ಬೇರೆ, ಕೊನೆಗೆ ಉಳಿದ ಇಬ್ಬರಲ್ಲಿ ಯಾರ ಕೈಯಲ್ಲಿ ಯುದ್ಧ ಬೇಗ ಮುಗಿದೀತೆಂದು ನೋಡುವುದು ಬೇರೆ.

ತೊಗಟೆ ಸುಲಿಯುವ ಮಾತಿನ ನಿಜವಾದ ಪರೀಕ್ಷೆ ನಡೆದದ್ದು ಒಂದು ಲಕೋಟೆಯ ವಿಷಯದಲ್ಲಿ. ಚುನಾವಣೆಗೆ ಐದು ದಿನ ಮುಂಚೆ, ಅಕ್ಟೋಬರ್ 31ರಂದು, ಜಾನ್ಸನ್ ಬಾಂಬ್ ದಾಳಿಯನ್ನು ಪೂರ್ತಿ ನಿಲ್ಲಿಸಿ ಪ್ಯಾರಿಸ್ ಮಾತುಕತೆಗೆ ದಾರಿ ಮಾಡಿದಾಗ, ದಕ್ಷಿಣ ವಿಯೆಟ್ನಾಂ ಅಧ್ಯಕ್ಷ ಥಿಯು ಮಾತುಕತೆಗೆ ಬರುವುದಿಲ್ಲವೆಂದರು. ಆ್ಯನಾ ಶೆನಾಲ್ಟ್ ಎಂಬ ರಿಪಬ್ಲಿಕನ್ ನಿಧಿಸಂಗ್ರಾಹಕಿಯ ಮೂಲಕ ನಿಕ್ಸನ್ ಕಡೆಯವರು ಥಿಯು ಅವರಿಗೆ ತಡೆದುಕೊಳ್ಳಿರೆಂದು ಹೇಳಿಕಳಿಸುತ್ತಿದ್ದರೆಂಬ ಸುಳಿವು ಜಾನ್ಸನ್ ಅವರಿಗೆ ಸಿಕ್ಕಿತ್ತು. ನವೆಂಬರ್ 2ರ ರಾತ್ರಿ ರಿಪಬ್ಲಿಕನ್ ನಾಯಕ ಎವರೆಟ್ ಡರ್ಕ್‌ಸನ್ ಅವರಿಗೆ ಫೋನ್ ಮಾಡಿ, ಇದು ದೇಶದ್ರೋಹ ಎಂದರು. ಆ ಕಡೆಯಿಂದ ಗೊತ್ತು ಎಂಬ ಉತ್ತರ ಬಂತು. ಆದರೆ ಮತದಾರರಿಗೆ ಇದಾವುದನ್ನೂ ಹೇಳಲಿಲ್ಲ. ಈ ಕಾಗದಗಳನ್ನೆಲ್ಲ ಸಲಹೆಗಾರ ವಾಲ್ಟ್ ರಾಸ್ಟೊ ಒಂದು ಲಕೋಟೆಯಲ್ಲಿಟ್ಟು 1973ರಲ್ಲಿ ಇದೇ ಗ್ರಂಥಾಲಯಕ್ಕೆ ಒಪ್ಪಿಸಿ, 50 ವರ್ಷ ತೆರೆಯಬಾರದೆಂದರು. ಗ್ರಂಥಾಲಯ 1994ರಲ್ಲೇ ತೆರೆಯಿತು. ಯುದ್ಧ ಎಳೆಯುವುದರಲ್ಲಿ ಲಾಭ ಕಾಣುವ ಅಭ್ಯರ್ಥಿಗಳು ಎರಡೂ ಕಡೆ ಇರಬಲ್ಲರು ಎಂಬುದನ್ನು ಹೊರಗೆ ತಂದ ಆ ಕೆಲಸಕ್ಕೆ ಈ ಸಂಸ್ಥೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. 2016ರ ಏಪ್ರಿಲ್‌ನಲ್ಲಿ ಇಲ್ಲೇ ನಡೆದ ವಿಯೆಟ್ನಾಂ ಯುದ್ಧದ ಶೃಂಗಸಭೆಗೆ ನಿಕ್ಸನ್ ಕಾಲದ ಯುದ್ಧನೀತಿ ರೂಪಿಸಿದ ಹೆನ್ರಿ ಕಿಸಿಂಜರ್ ಅವರನ್ನೂ, ಸೈನಿಕನಾಗಿ ಹೋರಾಡಿ ಬಂದು ಅದೇ ಯುದ್ಧವನ್ನು ವಿರೋಧಿಸಿದ್ದ ಜಾನ್ ಕೆರಿ ಅವರನ್ನೂ ಕರೆಸಿದ್ದು ಅದೇ ಧೈರ್ಯದ ಮುಂದುವರಿಕೆ.

ಇನ್ನು ಹೋಗಬೇಕೆಂದಿರುವವರಿಗೆ ಉಪಯೋಗವಾಗುವ ಕೆಲವು ಮಾತು. ಜಾನ್ಸನ್ ಅವರ ಆಸೆಯಂತೆ ಹಲವು ದಶಕ ಉಚಿತವಾಗಿದ್ದ ಪ್ರವೇಶಕ್ಕೆ ಈಗ ಟಿಕೆಟ್ ಇದೆ, ಹಿರಿಯರಿಗೆ ರಿಯಾಯಿತಿ ಸಿಗುತ್ತದೆ. ಹತ್ತಿರದಲ್ಲೇ ವಿಶ್ವವಿದ್ಯಾಲಯದ ಕ್ರೀಡಾಂಗಣ ಇರುವುದರಿಂದ ಫುಟ್‌ಬಾಲ್ ಪಂದ್ಯವಿರುವ ಶನಿವಾರ ಆ ಕಡೆ ಕಾರು ತಿರುಗಿಸಲೇಬೇಡಿ. ಮಂಡಿನೋವಿನವರು ಹಜಾರದ ಭವ್ಯ ಮೆಟ್ಟಿಲಿಗೆ ಹೆದರಬೇಕಿಲ್ಲ, ಲಿಫ್ಟ್ ಇದೆ. ಹತ್ತನೆಯ ಅಂತಸ್ತಿನಲ್ಲಿ ಅಧ್ಯಕ್ಷರ ಓವಲ್ ಆಫೀಸಿನ ಪ್ರತಿಕೃತಿ ಇದೆ, ಅಸಲಿನ ಎಂಟರಲ್ಲಿ ಏಳು ಪಾಲಿನಷ್ಟು ದೊಡ್ಡದು. ಕೈಯಾಡಿಸುತ್ತ ಹಾಸ್ಯ ಹೇಳುವ ಜಾನ್ಸನ್ ಯಂತ್ರಗೊಂಬೆಯ ಮುಂದೆ ಮಕ್ಕಳು ಸಂತೋಷದಿಂದ ನಿಲ್ಲುತ್ತಾರೆ, ದೊಡ್ಡವರು ಆ ಹೊತ್ತನ್ನು ಟೆಲಿಫೋನ್‌ಗಳಿಗೆ ಮೀಸಲಿಟ್ಟರೆ ಒಳ್ಳೆಯದು. ಕಡಿಮೆಯೆಂದರೂ ಮೂರು ಗಂಟೆ ಇಟ್ಟುಕೊಳ್ಳಿ. ಹೋಗುವ ಹಿಂದಿನ ರಾತ್ರಿ ಮೇ 27ರ ಸಂಭಾಷಣೆಯನ್ನು ಮನೆಯಲ್ಲೇ ಒಮ್ಮೆ ಕೇಳಿಕೊಂಡು ಹೋಗುವುದು ಉತ್ತಮ. ಆಮೇಲೆ ಆ ಗಾಜಿನ ಹಿಂದಿನ ಕೆಂಪು ಪೆಟ್ಟಿಗೆಗಳು ಬೇರೆಯೇ ಆಗಿ ಕಾಣುತ್ತವೆ.

ಜಾನ್ಸನ್ 1973ರ ಜನವರಿ 22ರಂದು ತಮ್ಮ ಟೆಕ್ಸಸ್ ರ‍್ಯಾಂಚಿನಲ್ಲಿ ತೀರಿಕೊಂಡರು. ಪ್ಯಾರಿಸ್‌ನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು ಐದು ದಿನದ ನಂತರ. ಊರಿಗೆ ಮರಳಿದ ಮೇಲೆ ಅಮ್ಮ ಒಂದು ದಿನ ಫೋನ್ ಮಾಡಿ, ಆ ಸಾರ್ಜೆಂಟಿನ ಮಕ್ಕಳ ಮಾತನ್ನು ಕನ್ನಡದಲ್ಲಿ ಬರೆದು ಕಳಿಸು, ನನ್ನ ತಂಗಿಗೆ ಓದಿ ಹೇಳಬೇಕು ಎಂದರು. ಬರೆದು ಕಳಿಸಿದ್ದೇನೆ. ಚಿಕ್ಕಮ್ಮ ಅದನ್ನು ಎರಡು ಸಲ ಓದಿಸಿಕೊಂಡು, ಆ ಮನುಷ್ಯ ಮತ್ತೆ ಚುನಾವಣೆಗೆ ನಿಂತನೋ ಇಲ್ಲವೋ ಎಂದು ಕೇಳಿದರಂತೆ.